ಶೇಷಗಳ ಲೆಕ್ಕದಲ್ಲಿ ಭಾಗಾಕಾರ: ಯಾವಾಗ ನಡೆಯುತ್ತದೆ, ಯಾವಾಗ ಕೈ ಕೊಡುತ್ತದೆ?

ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಮಾಡ್ಯುಲರ್ ಅಂಕಗಣಿತ ಶುರುವಾದಾಗ ಮೊದಲ ಪಾಠ ಸಲೀಸಾಗಿ ಮುಗಿಯುತ್ತದೆ. 17ನ್ನು 5ರಿಂದ ಭಾಗಿಸಿದರೆ ಶೇಷ 2, ಇಷ್ಟೇ ತಾನೆ ಅನ್ನಿಸುತ್ತದೆ. ಆಮೇಲೆ ಯೂಕ್ಲಿಡ್, ವಿಲೋಮ, ಫರ್ಮಾ, ಆರ್‌ಎಸ್‌ಎ ಅಂತ ಒಂದರ ಹಿಂದೆ ಒಂದು ಬರುತ್ತವೆ. ಬಾಯಿಪಾಠ ಮಾಡಬೇಕಾದ ಬಿಡಿ ಸೂತ್ರಗಳ ಹಾಗೆ ಕಾಣುತ್ತವೆ. ಆದರೆ ಇವೆಲ್ಲ ಹುಟ್ಟಿದ್ದು ಒಂದೇ ಪ್ರಶ್ನೆಯಿಂದ ಅಂತ ಹಿಡಿದುಕೊಂಡರೆ ಓದು ಹಗುರವಾಗುತ್ತದೆ: ಶೇಷಗಳ ಜೊತೆ ಲೆಕ್ಕ ಮಾಡುವಾಗ ಭಾಗಿಸಬಹುದಾ? ಈ ಟಿಪ್ಪಣಿ ಪೂರ್ತಿ ಆ ಪ್ರಶ್ನೆಯನ್ನೇ ಹಿಡಿದು ಹೋಗುತ್ತದೆ.

ಮೊದಲು ಬರವಣಿಗೆಯ ಕ್ರಮ

ಎರಡು ಸಂಖ್ಯೆಗಳ ವ್ಯತ್ಯಾಸ 10ರಿಂದ ಪೂರ್ತಿ ಭಾಗವಾದರೆ, 10ರ ಲೆಕ್ಕದಲ್ಲಿ ಅವೆರಡೂ ಒಂದೇ. 37 ≡ 7 (ಮಾಡ್ 10) ಅಂತ ಬರೆಯುತ್ತೇವೆ. ಈ ಮೂರು ಗೆರೆಯ ಚಿಹ್ನೆಯನ್ನು ಗೌಸ್ 1801ರಲ್ಲಿ ಬಳಕೆಗೆ ತಂದ. 10ರ ಜಾಗದಲ್ಲಿ ಯಾವ ಧನ ಪೂರ್ಣಾಂಕ ಬೇಕಾದರೂ ಬರಬಹುದು. ಆ ಸಂಖ್ಯೆಗೆ ಮಾಡ್ಯುಲಸ್ ಎಂದು ಹೆಸರು. ಘಾತವನ್ನು ನಾನು ಇಲ್ಲಿ 2^5 ಎಂಬ ಹಾಗೆ ಬರೆಯುತ್ತೇನೆ.

ಕೋಡ್ ಬರೆಯುವವರು ಇಲ್ಲೇ ಒಂದು ವಿಷಯ ಗಮನಿಸಬೇಕು. ಗಣಿತದಲ್ಲಿ −7 ಮಾಡ್ 5 ಅಂದರೆ 3, ಯಾಕೆಂದರೆ ಶೇಷ ಯಾವಾಗಲೂ 0ರಿಂದ 4ರ ಒಳಗೆ ಇರಬೇಕು. ಪೈಥಾನ್‌ನಲ್ಲಿ −7 % 5 ಕೊಟ್ಟರೆ 3 ಬರುತ್ತದೆ. ಸಿ ಮತ್ತು ಜಾವಾದಲ್ಲಿ −2 ಬರುತ್ತದೆ. ಎರಡೂ 5ರ ಲೆಕ್ಕದಲ್ಲಿ ಒಂದೇ, ಸರಿ. ಆದರೆ ಆ −2ನ್ನು ಅರೇ ಇಂಡೆಕ್ಸ್ ಮಾಡಿಕೊಂಡರೆ ಪ್ರೋಗ್ರಾಂ ಬೀಳುತ್ತದೆ. ಅದಕ್ಕೇ ಆ ಭಾಷೆಗಳಲ್ಲಿ ಶೇಷ ತೆಗೆದು, 5 ಕೂಡಿಸಿ, ಮತ್ತೊಮ್ಮೆ ಶೇಷ ತೆಗೆಯುತ್ತಾರೆ.

ಕೂಡು, ಕಳೆ, ಗುಣಿಸು: ಚಿಂತೆಯಿಲ್ಲ

ಈ ಮೂರು ಕ್ರಿಯೆಗಳಲ್ಲಿ ಯಾವ ಹಂತದಲ್ಲಿ ಬೇಕಾದರೂ ಶೇಷ ತೆಗೆದುಕೊಳ್ಳಬಹುದು. 37 × 48ರ ಕೊನೆಯ ಅಂಕಿ ಬೇಕಾದರೆ 7 × 8 = 56, ಅಂದರೆ 6. ಕಾರಣ ಸುಲಭ. 37 ಅಂದರೆ 7ಕ್ಕೆ 10ರ ಕೆಲವು ಗುಣಕಗಳನ್ನು ಸೇರಿಸಿದ್ದು, 48 ಕೂಡ ಹಾಗೇ. ಗುಣಿಸಿ ಬಿಡಿಸಿದರೆ 7 × 8 ಒಂದನ್ನು ಬಿಟ್ಟು ಉಳಿದ ಪದಗಳಲ್ಲೆಲ್ಲ 10 ಇರುತ್ತದೆ. ಅವು ಲೆಕ್ಕದಿಂದ ಬಿದ್ದುಹೋಗುತ್ತವೆ.

ಇದರ ಬಲ ದೊಡ್ಡ ಘಾತಗಳಲ್ಲಿ ಕಾಣುತ್ತದೆ. 7^2026ರ ಕೊನೆಯ ಎರಡು ಅಂಕಿ ಯಾವುವು? 7^4 = 2401, ಅಂದರೆ 100ರ ಲೆಕ್ಕದಲ್ಲಿ 1. 2026 = 4 × 506 + 2. ಹಾಗಾಗಿ 1ನ್ನು 506 ಸಲ ಗುಣಿಸಿ, ಉಳಿದ 7^2 = 49ರಿಂದ ಗುಣಿಸಿದರೆ ಆಯಿತು. ಉತ್ತರ 49.

ಒಂದು ಎಚ್ಚರಿಕೆ. ಘಾತಕ್ಕೆ ಏರಿಸುವ ಸಂಖ್ಯೆಯ (2^5ರಲ್ಲಿ 2) ಶೇಷ ತೆಗೆಯಬಹುದು, ಘಾತದ (ಅಲ್ಲಿನ 5) ಶೇಷವನ್ನು ಅದೇ ಮಾಡ್ಯುಲಸ್‌ನಿಂದ ತೆಗೆಯುವಂತಿಲ್ಲ. 3ರ ಲೆಕ್ಕದಲ್ಲಿ 5 ≡ 2 ನಿಜ. ಆದರೆ 2^5 = 32 ≡ 2, 2^2 = 4 ≡ 1. ಎರಡೂ ಬೇರೆ. ಘಾತಗಳಿಗೆ ಬೇರೆಯದೇ ಮಾಡ್ಯುಲಸ್ ಬೇಕು. ಅದು ಯಾವುದು ಅಂತ ಫರ್ಮಾ ಹೇಳುತ್ತಾನೆ, ಅಲ್ಲಿಗೆ ಆಮೇಲೆ ಬರೋಣ.

ಭಾಗಾಕಾರದಲ್ಲಿ ತೊಡಕು

6 ≡ 16 (ಮಾಡ್ 10). ಎರಡೂ ಬದಿಯನ್ನು 2ರಿಂದ ಭಾಗಿಸಿ: 3 ≡ 8? ಸುಳ್ಳು. ಈಗ 9 ≡ 39 (ಮಾಡ್ 10) ತೆಗೆದುಕೊಂಡು 3ರಿಂದ ಭಾಗಿಸಿ: 3 ≡ 13. ನಿಜ. 2 ಕೈ ಕೊಟ್ಟಿತು, 3 ಕೊಡಲಿಲ್ಲ. ಯಾಕೆ?

10ರ ಲೆಕ್ಕದಲ್ಲಿ 3ರ ಮಗ್ಗಿ ಬರೆದು ನೋಡಿ: 0, 3, 6, 9, 2, 5, 8, 1, 4, 7. ಹತ್ತೂ ಶೇಷಗಳು ಬಂದವು, ಒಂದೊಂದು ಒಂದೇ ಸಲ. ಈಗ 4ರ ಮಗ್ಗಿ: 0, 4, 8, 2, 6, 0, 4, 8, 2, 6. ಅರ್ಧ ಶೇಷಗಳು ಬರಲೇ ಇಲ್ಲ, ಉಳಿದವು ಎರಡೆರಡು ಸಲ ಬಂದವು. ‘ಯಾವುದನ್ನು 4ರಿಂದ ಗುಣಿಸಿದರೆ 8 ಬರುತ್ತದೆ’ ಅಂತ ಕೇಳಿದರೆ 2 ಮತ್ತು 7 ಎರಡೂ ಕೈ ಎತ್ತುತ್ತವೆ. ‘ಯಾವುದರಿಂದ 1 ಬರುತ್ತದೆ’ ಅಂದರೆ ಯಾವುದೂ ಇಲ್ಲ. ಭಾಗಾಕಾರ ಅಂದರೆ ಗುಣಾಕಾರವನ್ನು ಹಿಂದಕ್ಕೆ ಓಡಿಸುವುದು. ಎರಡು ದಾರಿ ಒಂದೇ ಕಡೆ ಸೇರಿದ ಮೇಲೆ ಹಿಂದಕ್ಕೆ ಯಾವ ದಾರಿಯಲ್ಲಿ ಹೋಗುವುದು?

ಹಾಗಾಗಿ ಇಲ್ಲಿ ‘3ರಿಂದ ಭಾಗಿಸು’ ಅನ್ನುವುದಕ್ಕೆ ಖಚಿತ ಅರ್ಥ ಹೀಗೆ: 3ರ ಜೊತೆ ಗುಣಿಸಿದರೆ 1 ಬರುವ ಸಂಖ್ಯೆ ಹುಡುಕು, ಅದರಿಂದ ಗುಣಿಸು. ಮಗ್ಗಿಯ ಪ್ರಕಾರ 3 × 7 = 21 ≡ 1. ಆ 7ಕ್ಕೆ 3ರ ವಿಲೋಮ ಎಂದು ಹೆಸರು. 4ಕ್ಕೆ ವಿಲೋಮ ಇಲ್ಲ, ಯಾಕೆಂದರೆ 4ರ ಗುಣಕದಿಂದ 10ರ ಗುಣಕ ಕಳೆದರೆ ಯಾವಾಗಲೂ ಸಮಸಂಖ್ಯೆ ಬರುತ್ತದೆ. 1 ಸಮಸಂಖ್ಯೆ ಅಲ್ಲ.

ನಿಯಮ ಈಗ ತಾನಾಗೇ ಕಾಣುತ್ತದೆ. ಸಂಖ್ಯೆಗೂ ಮಾಡ್ಯುಲಸ್‌ಗೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ, ನಾವೆಲ್ಲ ಜಿಸಿಡಿ ಅನ್ನುವುದು, 1 ಆಗಿದ್ದರೆ ವಿಲೋಮ ಇದೆ. 1ಕ್ಕಿಂತ ಜಾಸ್ತಿ ಇದ್ದರೆ ಇಲ್ಲ. ‘ಇಲ್ಲ’ ಅನ್ನುವ ಭಾಗಕ್ಕೆ ಮೇಲೆ ಹೇಳಿದ ಸಮಸಂಖ್ಯೆಯ ವಾದವೇ ಸಾಕು, 2ರ ಬದಲು ಯಾವ ಸಾಮಾನ್ಯ ಅಪವರ್ತನ ಇದ್ದರೂ ಅದು ಹಾಗೇ ನಡೆಯುತ್ತದೆ. ‘ಇದೆ’ ಅನ್ನುವುದನ್ನು ಹುಡುಕಿ ತೋರಿಸಬೇಕು. ಅದು ಮುಂದಿನ ಭಾಗ.

ಅದಕ್ಕೆ ಮುಂಚೆ ಒಂದು ಸಣ್ಣ ಸಮಾಧಾನ: ಜಿಸಿಡಿ 1 ಅಲ್ಲದಿದ್ದರೂ ಭಾಗಾಕಾರ ಪೂರ್ತಿ ಕೈಬಿಟ್ಟಿಲ್ಲ. ಮಾಡ್ಯುಲಸ್ಸನ್ನೂ ಆ ಜಿಸಿಡಿಯಿಂದ ಭಾಗಿಸಿದರೆ ಸರಿಹೋಗುತ್ತದೆ. 6 ≡ 16 (ಮಾಡ್ 10)ರಿಂದ 3 ≡ 8 (ಮಾಡ್ 5) ಬರುತ್ತದೆ, ಅದು ನಿಜವೇ.

ವಿಲೋಮ ಹುಡುಕುವ ದಾರಿ

ಚಿಕ್ಕ ಸಂಖ್ಯೆಗಳಿಗೆ ಮಗ್ಗಿ ಬರೆಯಬಹುದು. ನೂರಾರು ಅಂಕಿಗಳಿದ್ದರೆ ಬರೆಯುವುದು ಹೇಗೆ? ಇಲ್ಲಿ ಯೂಕ್ಲಿಡ್‌ನ ವಿಧಾನ ಬರುತ್ತದೆ. ಸುಮಾರು 2,300 ವರ್ಷ ಹಳೆಯದಾದರೂ ಇವತ್ತಿಗೂ ಬಳಕೆಯಲ್ಲಿದೆ. ಅದರ ಜೀವಾಳ ಒಂದು ಸಾಲು: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ಶೇಷ ತೆಗೆದರೆ, ಚಿಕ್ಕದು ಮತ್ತು ಶೇಷ ಇವೆರಡರ ಜಿಸಿಡಿಯೇ ಮೂಲ ಜೋಡಿಯ ಜಿಸಿಡಿ. ಮೊದಲ ಜೋಡಿಯನ್ನು ಭಾಗಿಸುವ ಸಂಖ್ಯೆಗಳೆಲ್ಲ ಎರಡನೆಯ ಜೋಡಿಯನ್ನೂ ಭಾಗಿಸುತ್ತವೆ, ತಿರುಗಿಸಿ ಹೇಳಿದರೂ ನಿಜ.

60ರ ಲೆಕ್ಕದಲ್ಲಿ 17ರ ವಿಲೋಮ ಹುಡುಕೋಣ. ಈ ಎರಡು ಸಂಖ್ಯೆಗಳನ್ನು ಬೇಕೆಂದೇ ಆರಿಸಿದ್ದೇನೆ, ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ.

60 = 3 × 17 + 9
17 = 1 × 9 + 8
9 = 1 × 8 + 1

ಶೇಷ 1ಕ್ಕೆ ಬಂತು, ಅಂದರೆ ಜಿಸಿಡಿ 1. ಈಗ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಪ್ರತಿ ಶೇಷದ ಜಾಗದಲ್ಲಿ ಅದರ ಮೇಲಿನ ಸಾಲನ್ನು ಇಡುತ್ತಾ ಹೋಗಿ:

1 = 9 − 8
1 = 9 − (17 − 9) = 2 × 9 − 17
1 = 2 × (60 − 3 × 17) − 17 = 2 × 60 − 7 × 17

60ರ ಗುಣಕ ಲೆಕ್ಕಕ್ಕಿಲ್ಲ. ಉಳಿದದ್ದು −7 × 17 ≡ 1. −7 ಅಂದರೆ 53. ತಾಳೆ ನೋಡಿ: 17 × 53 = 901 = 15 × 60 + 1. ಸರಿ ಬಂತು.

ಮೇಲಕ್ಕೆ ಹತ್ತುವಾಗ ಗುಣಿಸಿ ಒಂದೇ ಸಂಖ್ಯೆ ಮಾಡುವ ಚಪಲ ತಡೆದುಕೊಳ್ಳಿ. 3 × 17ನ್ನು 51 ಮಾಡಿಬಿಟ್ಟರೆ ಎಷ್ಟು 17 ಇದ್ದವು ಅನ್ನುವುದು ಕಳೆದುಹೋಗುತ್ತದೆ.

ಜಿಸಿಡಿ 1 ಆದಾಗಲೆಲ್ಲ ಹೀಗೆ ಹತ್ತಬಹುದು. ಹಾಗಾಗಿ ‘ವಿಲೋಮ ಇದೆ’ ಅನ್ನುವುದರ ಸಾಧನೆಯೂ ಇದೇ, ಅದನ್ನು ಹುಡುಕುವ ಅಲ್ಗಾರಿದಂ ಕೂಡ ಇದೇ. ನನಗೆ ಇಂಥ ಸಾಧನೆಗಳ ಮೇಲೆ ಪ್ರೀತಿ ಜಾಸ್ತಿ. ಸುಮ್ನೆ ‘ಎಲ್ಲೋ ಇದೆ’ ಅನ್ನದೆ ಕೈಗೆ ತಂದುಕೊಡುತ್ತವೆ. ಆರ್ಯಭಟ 499ರಲ್ಲಿ ಕೊಟ್ಟ ಕುಟ್ಟಕ ವಿಧಾನ ಇದೇ ಬಗೆಯ ಸಮೀಕರಣಗಳನ್ನು ಹೀಗೇ ಭಾಗಿಸುತ್ತಾ ಬಿಡಿಸುತ್ತದೆ.

ವೇಗದ ವಿಷಯ ಚುಟುಕಾಗಿ: ಪ್ರತಿ ಎರಡು ಹೆಜ್ಜೆಗೆ ಶೇಷ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹೆಜ್ಜೆಗಳ ಸಂಖ್ಯೆ ಚಿಕ್ಕ ಸಂಖ್ಯೆಯ ಅಂಕಿಗಳ ಐದು ಪಟ್ಟನ್ನು ದಾಟುವುದಿಲ್ಲ ಎಂದು ಲಾಮೆ 1844ರಲ್ಲಿ ತೋರಿಸಿದ. ಅತಿ ಹೆಚ್ಚು ಸತಾಯಿಸುವುದು ಪಕ್ಕಪಕ್ಕದ ಫಿಬೊನಾಚಿ ಸಂಖ್ಯೆಗಳು.

ಮಾಡ್ಯುಲಸ್ ಅವಿಭಾಜ್ಯವಾದರೆ

ಆಗ ಸೊನ್ನೆ ಬಿಟ್ಟು ಎಲ್ಲ ಶೇಷಗಳಿಗೂ ವಿಲೋಮ ಇರುತ್ತದೆ. ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಉತ್ತರವನ್ನು 1000000007ರ ಶೇಷವಾಗಿ ಕೊಡಿ ಅನ್ನುತ್ತಾರಲ್ಲ, ಒಂದು ಕಾರಣ ಇದೇ: ಅದು ಅವಿಭಾಜ್ಯ ಸಂಖ್ಯೆ. ಇನ್ನೊಂದು ಕಾರಣ ಗಾತ್ರ. ಅಂಥ ಎರಡು ಶೇಷಗಳ ಮೊತ್ತ 32 ಬಿಟ್ ಪೂರ್ಣಾಂಕದ ಮಿತಿಯಾದ 2147483647ರ ಒಳಗೇ ಇರುತ್ತದೆ, ಗುಣಲಬ್ಧ 64 ಬಿಟ್‌ನಲ್ಲಿ ಹಿಡಿಯುತ್ತದೆ.

ಅಲ್ಲಿ ಕೋಡ್ ಕೆಡುವುದೂ ಭಾಗಾಕಾರದಲ್ಲೇ. 10 ವಸ್ತುಗಳಿಂದ 3 ಆರಿಸುವ ವಿಧಗಳು 720 ÷ 6 = 120. 11ರ ಲೆಕ್ಕದಲ್ಲಿ ಇದು 10. ಈಗ 720ರ ಶೇಷ ಮೊದಲೇ ತೆಗೆದುಬಿಟ್ಟಿದ್ದೀರಿ ಅನ್ನಿ: 5 ಉಳಿಯುತ್ತದೆ. ಅದನ್ನು ಕೋಡ್‌ನಲ್ಲಿ ನೇರವಾಗಿ 6ರಿಂದ ಭಾಗಿಸಿದರೆ 0 ಬರುತ್ತದೆ. ತಪ್ಪು. 6ರ ವಿಲೋಮ 2, ಯಾಕೆಂದರೆ 12 ≡ 1. 5 × 2 = 10. ಸರಿ.

ಇಲ್ಲೇ ಫರ್ಮಾನ ಚಿಕ್ಕ ಪ್ರಮೇಯವೂ ಸಿಗುತ್ತದೆ. 7ರ ಲೆಕ್ಕದಲ್ಲಿ 3ರ ಮಗ್ಗಿ, ಸೊನ್ನೆ ಬಿಟ್ಟು: 3, 6, 2, 5, 1, 4. ಇವು 1ರಿಂದ 6ರವರೆಗಿನ ಸಂಖ್ಯೆಗಳೇ, ಕ್ರಮ ಮಾತ್ರ ಬದಲು. ಆದ್ದರಿಂದ ಎರಡೂ ಪಟ್ಟಿಗಳ ಗುಣಲಬ್ಧ ಒಂದೇ. ಮಗ್ಗಿಯ ಕಡೆಯಿಂದ ಬರೆದರೆ ಆರು 3ಗಳು ಹೊರಗೆ ಬರುತ್ತವೆ:

3^6 × (1 × 2 × 3 × 4 × 5 × 6) ≡ 1 × 2 × 3 × 4 × 5 × 6 (ಮಾಡ್ 7)

ಆವರಣದ ಒಳಗಿನ ಯಾವ ಸಂಖ್ಯೆಗೂ 7ರ ಜೊತೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಎರಡೂ ಬದಿ ಹೊಡೆದುಹಾಕಬಹುದು, ಆ ಅನುಮತಿ ನಮಗೆ ಸಿಕ್ಕಾಗಿದೆ. ಉಳಿಯುವುದು 3^6 ≡ 1. ನಿಜವಾಗಿಯೂ 729 = 7 × 104 + 1. 7ರ ಬದಲು ಯಾವ ಅವಿಭಾಜ್ಯ ಸಂಖ್ಯೆ ಇಟ್ಟರೂ, 3ರ ಬದಲು ಅದರಿಂದ ಭಾಗವಾಗದ ಯಾವ ಸಂಖ್ಯೆ ಇಟ್ಟರೂ ವಾದ ಹಾಗೇ ನಿಲ್ಲುತ್ತದೆ: ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿದರೆ 1. ಅಂದರೆ 7ರ ಲೆಕ್ಕದಲ್ಲಿ ಘಾತಗಳು 6ರ ಲೆಕ್ಕದಲ್ಲಿ ಸುತ್ತುತ್ತವೆ. ಮೇಲೆ ಬಾಕಿ ಇಟ್ಟ ಪ್ರಶ್ನೆಗೆ ಉತ್ತರ ಇದು.

ತಿರುಗಿಸಿ ಹೇಳುವಂತಿಲ್ಲ ಅನ್ನುವುದು ನೆನಪಿರಲಿ. 2^340 ≡ 1 (ಮಾಡ್ 341), ಆದರೆ 341 = 11 × 31.

ಆರ್‌ಎಸ್‌ಎ: ಘಾತದಲ್ಲಿ ಭಾಗಾಕಾರ

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಕೊಟ್ಟ ಗುಪ್ತಲಿಪಿ ವಿಧಾನ ಇದು. ಬ್ರಿಟನ್‌ನ ಸರ್ಕಾರಿ ಗೂಢಲಿಪಿ ಸಂಸ್ಥೆಯಲ್ಲಿ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇದನ್ನು ಕಂಡುಕೊಂಡಿದ್ದ, ಆದರೆ ಆ ವಿಷಯ ಹೊರಬಂದದ್ದು 1997ರಲ್ಲಿ.

ಎರಡು ಅವಿಭಾಜ್ಯಗಳು: 7 ಮತ್ತು 11. ಗುಣಲಬ್ಧ 77 ಎಲ್ಲರಿಗೂ ಗೊತ್ತು. ಘಾತಗಳು 7ರ ಲೆಕ್ಕದಲ್ಲಿ 6ಕ್ಕೊಮ್ಮೆ ಸುತ್ತುತ್ತವೆ, 11ರ ಲೆಕ್ಕದಲ್ಲಿ 10ಕ್ಕೊಮ್ಮೆ. 6 × 10 = 60 ತೆಗೆದುಕೊಂಡರೆ ಎರಡಕ್ಕೂ ಹೊಂದುತ್ತದೆ. ಸಾರ್ವಜನಿಕ ಕೀಲಿ 17. ಗುಟ್ಟಿನ ಕೀಲಿ 60ರ ಲೆಕ್ಕದಲ್ಲಿ ಅದರ ವಿಲೋಮ, ಅಂದರೆ ನಾವು ಹುಡುಕಿದ 53.

ಸಂದೇಶವನ್ನು ಸಾರ್ವಜನಿಕ ಕೀಲಿಯ ಘಾತಕ್ಕೆ ಏರಿಸಿ ಕಳಿಸುತ್ತಾರೆ, ಗುಟ್ಟಿನ ಕೀಲಿಯ ಘಾತಕ್ಕೆ ಏರಿಸಿ ಬಿಡಿಸುತ್ತಾರೆ. ಸಂದೇಶ 2 ಅನ್ನಿ. 2^17 = 131072, 77ರ ಲೆಕ್ಕದಲ್ಲಿ 18. ಕಳಿಸುವುದು 18. ಬಿಡಿಸುವವರು 18^53 ಲೆಕ್ಕ ಹಾಕಬೇಕು. 52 ಗುಣಾಕಾರ ಬೇಡ, ವರ್ಗ ಮಾಡುತ್ತಾ ಹೋದರೆ ಸಾಕು:

18^2 ≡ 16
18^4 ≡ 25
18^8 ≡ 9
18^16 ≡ 4
18^32 ≡ 16

53 = 32 + 16 + 4 + 1. ಆದ್ದರಿಂದ 16 × 4 × 25 × 18. 16 × 4 = 64. 64 × 25 = 1600 ≡ 60. 60 × 18 = 1080 ≡ 2. ಸಂದೇಶ ವಾಪಸ್ ಬಂತು. ಒಟ್ಟು ಎಂಟು ಗುಣಾಕಾರ.

ಯಾಕೆ ಬಂತು? 17 × 53 = 901, ಅಂದರೆ 60ರ ಗುಣಕಕ್ಕೆ ಒಂದು ಜಾಸ್ತಿ. 7ರ ಲೆಕ್ಕದಲ್ಲೂ 11ರ ಲೆಕ್ಕದಲ್ಲೂ 901ನೆಯ ಘಾತ ಅಂದರೆ ಸಂಖ್ಯೆ ತಾನೇ. ಸಂದೇಶ 7ರ ಗುಣಕವಾಗಿದ್ದರೆ ಆ ಕಡೆ ಎರಡೂ ಬದಿ ಸೊನ್ನೆ, ಅಲ್ಲೂ ಸರಿ. ವ್ಯತ್ಯಾಸವನ್ನು 7 ಮತ್ತು 11 ಎರಡೂ ಭಾಗಿಸಿದರೆ 77 ಕೂಡ ಭಾಗಿಸುತ್ತದೆ.

77ನ್ನು ಯಾರು ಬೇಕಾದರೂ ಒಡೆದು 60 ಕಂಡುಹಿಡಿಯಬಹುದು, ಅದು ಆಟದ ಉದಾಹರಣೆ. ನಿಜವಾದ ಬಳಕೆಯಲ್ಲಿ ಮಾಡ್ಯುಲಸ್ ಸಾಮಾನ್ಯವಾಗಿ 2048 ಬಿಟ್ ಅಥವಾ ಅದಕ್ಕೂ ಹೆಚ್ಚು. 2048 ಬಿಟ್ ಅಂದರೆ ಸುಮಾರು 617 ಅಂಕಿ. ಅದನ್ನು ಒಡೆಯುವ ವೇಗದ ದಾರಿ ಇವತ್ತಿನ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಸಿಕ್ಕಿಲ್ಲ. ಬಳಸುವಾಗ ಸಂದೇಶಕ್ಕೆ ಯಾದೃಚ್ಛಿಕ ಭರ್ತಿಯನ್ನೂ ಸೇರಿಸುತ್ತಾರೆ. ಇಲ್ಲದಿದ್ದರೆ ಒಂದೇ ಸಂದೇಶ ಪ್ರತಿ ಸಲವೂ ಒಂದೇ ಗುಪ್ತಸಂಖ್ಯೆ ಆಗುತ್ತದೆ.

ಪರೀಕ್ಷೆಯಲ್ಲಿ ‘ಸಾರ್ವಜನಿಕ ಕೀಲಿಗೂ 60ಕ್ಕೂ ಜಿಸಿಡಿ 1 ಇರಲೇಬೇಕಾ’ ಅಂತ ಕೇಳಿದರೆ ಕೀಲಿಯನ್ನು 15 ಮಾಡಿ ತೋರಿಸಿ. 15ಕ್ಕೂ 60ಕ್ಕೂ ಜಿಸಿಡಿ 15. ಆಗ 1, 15, 36 ಈ ಮೂರು ಸಂದೇಶಗಳೂ 77ರ ಲೆಕ್ಕದಲ್ಲಿ 1 ಆಗಿಬಿಡುತ್ತವೆ. ತಲುಪಿದ 1ನ್ನು ನೋಡಿ ಕಳಿಸಿದ್ದು ಯಾವುದು ಅಂತ ಯಾರೂ ಹೇಳಲಾರರು. 4ರ ಮಗ್ಗಿಯಲ್ಲಿ ಆದದ್ದೇ ಇಲ್ಲಿ ಘಾತದಲ್ಲಿ ಆಯಿತು. ಕೀಲಿ 13 ಆದರೆ ತೊಂದರೆ ಇಲ್ಲ. ಅದರ ವಿಲೋಮವನ್ನು ಯೂಕ್ಲಿಡ್ ವಿಧಾನದಿಂದ ನೀವೇ ಹುಡುಕಿ, 37 ಬರಬೇಕು.