ಕಾಲು ತೆಗೆದ್ರೆ ನಿಲ್ಲೋ ನಡುಕ

ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಲ್ಲಿ ನಮ್ಮ ಕಾರಿನ ಮೂತಿ ಎಡಕ್ಕೂ ಬಲಕ್ಕೂ ಅದುರೋಕೆ ಶುರುವಾಯ್ತು, ಸೀಟೆಲ್ಲಾ ನಡುಗ್ತಿತ್ತು, ಎಕ್ಸಲರೇಟರ್ ಮೇಲಿಂದ ಕಾಲು ತೆಗೆದ್ರೆ ಶಾಂತ, ಮತ್ತೆ ಒತ್ತಿದ್ರೆ ಮತ್ತೆ ಅದೇ. ಆಗ್ಲೇ ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ದೆ. ಬ್ಯಾಲೆನ್ಸಿಂಗ್ ತೊಂದ್ರೆ ಸಾಮಾನ್ಯವಾಗಿ 80-100 ಸ್ಪೀಡಲ್ಲಿ ಬರುತ್ತೆ, ಕಾಲು ತೆಗೆದ್ರೂ ಹೋಗಲ್ಲ. ಕಾಲಿಗೆ ತಕ್ಕ ಹಾಗೆ ಬಂದು ಹೋಗೋ ನಡುಕ ಅಂದ್ರೆ ಮೊದಲು ಚಕ್ರಕ್ಕೆ ಪವರ್ ಒಯ್ಯೋ ಶಾಫ್ಟು, ಆಕ್ಸೆಲ್, ನೋಡ್ಬೇಕು.

ಮಾರುತಿ 800 ಥರ ಮುಂದಿನ ಚಕ್ರ ಎಳೆಯೋ ಕಾರಲ್ಲಿ ಗೇರ್‌ಬಾಕ್ಸಿಂದ ಎರಡೂ ಚಕ್ರಕ್ಕೆ ಒಂದೊಂದು ಆಕ್ಸೆಲ್ ಹೋಗುತ್ತೆ. ಚಕ್ರ ಗುಂಡಿಗೆ ಇಳಿಯುತ್ತೆ, ಏಳುತ್ತೆ, ಸ್ಟೇರಿಂಗ್ ತಿರುಗಿಸಿದ್ರೆ ತಿರುಗುತ್ತೆ, ಅಷ್ಟಾದ್ರೂ ಪವರ್ ಒಂದೇ ಸಮ ತಲುಪಬೇಕು, ಅದಕ್ಕೇ ಆಕ್ಸೆಲ್ಲಿನ ಎರಡೂ ತುದಿಗೆ ಸಿವಿ ಜಾಯಿಂಟ್, ಅಂದ್ರೆ ಬಗ್ಗಿದ್ರೂ ವೇಗ ಏರುಪೇರಾಗದ ಕೀಲು. ಲಾರಿಯ ಹಿಂದಿನ ಚಕ್ರಕ್ಕೆ ಪವರ್ ಒಯ್ಯೋ ಪ್ರೊಪೆಲ್ಲರ್ ಶಾಫ್ಟಲ್ಲಿರೋ ಕ್ರಾಸ್ ಜಾಯಿಂಟನ್ನ ಒಂದೇ ಒಂದು ಹಾಕಿ 30 ಡಿಗ್ರಿ ಬಗ್ಗಿಸಿದ್ರೆ ಆಚೆ ತುದಿಯ ವೇಗ ಪ್ರತಿ ಸುತ್ತಲ್ಲಿ ಎರಡು ಸಲ ಸುಮಾರು ಶೇ. 15 ಏರಿ ಶೇ. 13 ಇಳಿಯುತ್ತೆ. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಅನ್ನೋ ಇಂಜಿನಿಯರ್ ಆರು ಉಕ್ಕಿನ ಗೋಲಿ ಇಟ್ಟು ಈ ಏರಿಳಿತವನ್ನೇ ಇಲ್ಲವಾಗಿಸಿದ, ನನಗಂತೂ ಅದು ತುಂಬಾ ಚಂದದ ಕೆಲಸ ಅನ್ಸುತ್ತೆ. 1959ರ ಮಿನಿ ಕಾರಲ್ಲೂ ಅದೇ ಜಾತಿ ಜಾಯಿಂಟ್.

ಚಕ್ರದ ಕಡೆ ಗೋಲಿ ಜಾಯಿಂಟ್ ಇದ್ರೆ ಗೇರ್‌ಬಾಕ್ಸ್ ಕಡೆ ಎಷ್ಟೋ ಕಾರಲ್ಲಿ ಮೂರು ರೋಲರ್ ಇರೋ ಟ್ರೈಪಾಡ್ ಇರುತ್ತೆ, ರೋಲರ್‌ಗಳು ಕಪ್ ಒಳಗಿನ ಮೂರು ತೋಡಲ್ಲಿ ಹಿಂದೆ ಮುಂದೆ ಜಾರ್ತಾ ಆಕ್ಸೆಲ್ ಉದ್ದ ಹೊಂದಿಸ್ಕೊಳ್ತವೆ. ಸವೆದು ತೋಡಲ್ಲಿ ಹಳ್ಳ ಬಿತ್ತು ಅಂದ್ರೆ ರೋಲರ್ ಸಲೀಸಾಗಿ ಜಾರಲ್ಲ, ತಡೆದು ಶಾಫ್ಟನ್ನ ಪಕ್ಕಕ್ಕೆ ತಳ್ಳುತ್ತೆ, ಒಂದು ಸುತ್ತಿಗೆ ಮೂರು ಸಲ. ಚಕ್ರದ ಸುತ್ತಳತೆ 1.8 ಮೀಟರ್ ಅಂದ್ಕೊಳ್ಳಿ, 60 ಕಿ.ಮೀ. ಸ್ಪೀಡಲ್ಲಿ ಸೆಕೆಂಡಿಗೆ ಒಂಬತ್ತು ಚಿಲ್ಲರೆ ಸುತ್ತು, ಅಂದ್ರೆ ಸುಮಾರು 28 ತಳ್ಳು. ಇಂಜಿನ್ ಎಷ್ಟು ಜೋರಾಗಿ ಎಳೆಯುತ್ತೋ ತಳ್ಳೂ ಅಷ್ಟು ಜೋರು, ಘಾಟಿಯಲ್ಲೇ ಅದು ಎದ್ದು ಕಂಡಿದ್ದು ಅದಕ್ಕೇ. ಹೊರಗಿನ, ಅಂದ್ರೆ ಚಕ್ರದ ಕಡೆಯ ಜಾಯಿಂಟ್ ಸವೆದ್ರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಕಟ ಕಟ ಸೌಂಡ್ ಬರುತ್ತೆ.

ಜಾಯಿಂಟನ್ನ ಕಾಯೋದು ಮೇಲಿರೋ ರಬ್ಬರ್ ಬೂಟು. ಅದು ಸೀಳಿದ್ರೆ ಗ್ರೀಸ್ ಆಚೆ ಎರಚುತ್ತೆ, ಕೆಸರು ಧೂಳು ಒಳಗೆ. ಮೆಕ್ಯಾನಿಕ್ ಕಾರನ್ನ ಲಿಫ್ಟಿಗೆ ಹಾಕಿ ಗೇರ್‌ಬಾಕ್ಸ್ ಕಡೆಯ ಬೂಟಿನ ಮಡಿಕೆ ಬಿಡಿಸಿ ತೋರಿಸಿದ್ರು, ಬೆರಳುದ್ದದ ಸೀಳು. ಸ್ವಲ್ಪ ಗ್ರೀಸ್ ತೆಗೆದು ನನ್ನ ಬೆರಳಿಗೆ ಹಚ್ಚಿ "ಉಜ್ಜಿ ನೋಡಿ ಸಾರ್" ಅಂದ್ರು, ರವೆ ಥರ ಕರಕರ ಅಂತು.