ವಾಘಾ ಗಡಿಯ ಆ ಸಿಟ್ಟು ನಿಜಾನಾ?

ಪ್ರಶ್ನೆ: ಮಂಡ್ಯದಿಂದ ನಾವು ಹತ್ತು ಜನ ಅಮೃತಸರಕ್ಕೆ ಹೊರಟಿದ್ದೇವೆ. ವಾಘಾ ಗಡಿಯಲ್ಲಿ ಎರಡೂ ದೇಶದ ಸೈನಿಕರು ಮೀಸೆ ತಿರುವಿ, ಕಾಲು ಅಪ್ಪಳಿಸುವುದನ್ನು ವಿಡಿಯೋದಲ್ಲಿ ನೋಡಿದ್ದೇನೆ. ಅದು ನಿಜವಾದ ಸಿಟ್ಟಾ, ಸುಮ್ನೆ ತೋರಿಕೆಯಾ?

ಉತ್ತರ: ತೋರಿಕೆಯೇ. ಆದರೆ ಇಬ್ಬರೂ ಒಪ್ಪಿಕೊಂಡು ಮಾಡುವ ತೋರಿಕೆ. ನಮ್ಮೂರ ಜಾತ್ರೆಯಲ್ಲಿ ಮಾತು ಬಿಟ್ಟ ದಾಯಾದಿಗಳು ಮುಖ ತಿರುಗಿಸಿಕೊಂಡೇ ಒಂದೇ ತೇರಿನ ಹಗ್ಗ ಹಿಡಿಯುವುದಿಲ್ವಾ, ಹಾಗೆ.

ಎರಡು ಸಣ್ಣ ತಿದ್ದುಪಡಿ ಮೊದಲು. ವಾಘಾ ಪಾಕಿಸ್ತಾನದ ಕಡೆಯ ಊರು. ನೀವು ಹೋಗುವುದು ಅಟ್ಟಾರಿಗೆ, ಅಮೃತಸರದಿಂದ 30 ಕಿಲೋಮೀಟರ್ ಒಳಗೇ. ಇನ್ನು ಅಲ್ಲಿರುವವರು ಸೇನೆಯವರಲ್ಲ. ನಮ್ಮ ಕಡೆ ಖಾಕಿ ತೊಟ್ಟವರು ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್‌ನವರು. ಆ ಕಡೆ ಕಪ್ಪು ಬಟ್ಟೆಯವರು ಪಾಕಿಸ್ತಾನ್ ರೇಂಜರ್ಸ್.

ಕೆಲಸ ಇಷ್ಟೇ: ಸಂಜೆ ಬಾವುಟ ಇಳಿಸುವುದು. 1959ರಿಂದ ಇದು ನಡೆದು ಬಂದಿದೆ. ಮುಕ್ಕಾಲು ಗಂಟೆಯ ಕವಾಯತಿನಲ್ಲಿ ಎಲ್ಲರ ಕಣ್ಣು ಹಣೆಯವರೆಗೆ ಹಾರುವ ಕಾಲಿನ ಮೇಲೆ. ನಾನೂ ಹಾಗೇ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ‘ಹಗ್ಗ ನೋಡಿ’ ಅಂದರು. ಕೊನೆಯಲ್ಲಿ ಎರಡು ಬಾವುಟ ಓರೆಯಾಗಿ, ಒಂದೇ ವೇಗದಲ್ಲಿ ಇಳಿಯುತ್ತವೆ. ನಡುವೆ ಒಂದನ್ನೊಂದು ದಾಟುತ್ತವೆ. ಒಂದು ಮೇಲೆ, ಇನ್ನೊಂದು ಕೆಳಗೆ ಅಂತ ಆಗುವಂತಿಲ್ಲ. ಇದಕ್ಕೆ ಇಬ್ಬರ ಕೈಯೂ ಒಂದೇ ಲಯದಲ್ಲಿರಬೇಕು. ಸಿಟ್ಟು ಬಂದವನ ಕೈಯಿಂದ ಆಗುವ ಕೆಲಸವಲ್ಲ ಅದು.

ಹಾವಭಾವದ ಅಬ್ಬರ ಅತಿಯಾಯಿತು ಅಂತ 2010ರ ಹೊತ್ತಿಗೆ ಸ್ವಲ್ಪ ತಗ್ಗಿಸಿದರು. ಆ ಕಾಲು ಬಡಿತಕ್ಕೆ ಮಂಡಿ ಏನಾಗಬೇಡ, ನೀವೇ ಹೇಳಿ!

ಹಾಗಂತ ಪೂರ್ತಿ ನಾಟಕ ಅನ್ನಲೂ ಆಗದು. ಎರಡು ದೇಶಗಳ ನಡುವೆ ಏನೇ ಕೆಟ್ಟರೂ ಅದು ಮೊದಲು ಕಾಣುವುದು ಈ ಗೇಟಿನಲ್ಲೇ. ಪಾಕಿಸ್ತಾನದವರ ಕೈಗೆ ಸೆರೆಸಿಕ್ಕಿದ್ದ ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ 2019ರ ಮಾರ್ಚ್ 1ರಂದು ಇದೇ ದಾರಿಯಲ್ಲಿ ಮರಳಿದರು. ಆವತ್ತು ಬಿಎಸ್‌ಎಫ್ ಈ ಕಾರ್ಯಕ್ರಮವನ್ನೇ ರದ್ದು ಮಾಡಿತ್ತು. ಹಿಂದೆಲ್ಲ ಗೇಟು ತೆಗೆದು, ಎರಡೂ ಕಡೆಯವರು ಚುಟುಕಾಗಿ ಕೈ ಕುಲುಕುತ್ತಿದ್ದರು. ನಾನು ಹೋದಾಗ ಅದೂ ಇತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಕೈ ಕುಲುಕುವುದು ನಿಂತಿತು, ಗೇಟು ಮುಚ್ಚಿಯೇ ಬಾವುಟ ಇಳಿಸತೊಡಗಿದರು. ಆ ಮೇ ತಿಂಗಳಲ್ಲಿ ಕೆಲವು ದಿನ ಜನರನ್ನೂ ಬಿಡಲಿಲ್ಲ. ಅದಕ್ಕೇ ಹೊರಡುವ ದಿನ ಬೆಳಗ್ಗೆ ಅಮೃತಸರದ ಹೋಟೆಲಿನವರನ್ನು ಒಮ್ಮೆ ಕೇಳಿಬಿಡಿ.

ಸಮಯದ ವಿಷಯದಲ್ಲಿ ನಮ್ಮ ಕಡೆಯವರು ಮೋಸ ಹೋಗುವುದು ಜಾಸ್ತಿ. ಮಂಡ್ಯದಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹೊತ್ತು ಮುಳುಗುವುದರಲ್ಲಿ ಒಂದು ಗಂಟೆಯೂ ಹೆಚ್ಚುಕಮ್ಮಿ ಇಲ್ಲ. ಅಮೃತಸರದಲ್ಲಿ ಎರಡು ಗಂಟೆಗೂ ಮೀರಿದ ವ್ಯತ್ಯಾಸ: ಜೂನ್‌ನಲ್ಲಿ ಏಳೂವರೆ ದಾಟುತ್ತದೆ, ಡಿಸೆಂಬರ್‌ನಲ್ಲಿ ಐದೂವರೆಗೇ ಕತ್ತಲು. ಕಾರ್ಯಕ್ರಮದ ಸಮಯವೂ ಅದರ ಜೊತೆ ಸರಿಯುತ್ತದೆ. ಯಾರೋ ಬೇಸಿಗೆಯಲ್ಲಿ ಹೋಗಿಬಂದವರು ಹೇಳಿದ ಟೈಮ್ ನಂಬಿಕೊಂಡು ಡಿಸೆಂಬರ್‌ನಲ್ಲಿ ಹೋದರೆ ಖಾಲಿ ಗ್ಯಾಲರಿ ನೋಡಿಕೊಂಡು ಬರಬೇಕಷ್ಟೆ.

ನೋಡಲು ಟಿಕೆಟ್ ದುಡ್ಡು ಇಲ್ಲ. ಗುರುತಿನ ಚೀಟಿ ಇರಲಿ, ಚೀಲ ರೂಮಲ್ಲೇ ಬಿಡಿ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಲು ಎಷ್ಟು ಮುಂಚೆ ಹೋಗಿ ಜಾಗ ಹಿಡಿಯುತ್ತೀರೋ ಅಷ್ಟೇ ಮುಂಚೆ ಇಲ್ಲಿಗೂ ಹೋಗಿ. ಅದು ವರ್ಷಕ್ಕೊಂದು ಸಲ, ಇದು ದಿನಾ; ನೂಕುನುಗ್ಗಲು ಮಾತ್ರ ಒಂದೇ! ಬೇಸಿಗೆಯಾದರೆ ಟೋಪಿ ಮರೆಯಬೇಡಿ. ಗೇಟಿಗೆ ಹತ್ತಿರವಾಗಿ ಕೂತರೆ ಹಗ್ಗ ಚೆನ್ನಾಗಿ ಕಾಣುತ್ತದೆ.

ಬಾವುಟ ಕೆಳಗೆ ಬಂದ ಕೂಡಲೇ ಜನ ಎದ್ದು ಸೆಲ್ಫಿಗೆ ಓಡುತ್ತಾರೆ. ನೀವು ಕೂತೇ ಇರಿ. ಅಷ್ಟು ಹೊತ್ತು ನೆಲ ನಡುಗಿಸಿದವರೇ ಬಾವುಟವನ್ನು ಮೆತ್ತಗೆ ಮಡಚಿ ಒಳಗೆ ಒಯ್ಯುತ್ತಾರೆ.