ಮೊದಲು ಕೇಳಬೇಕಾದದ್ದು ದಿನಾಂಕ: ಎಚ್‌ಐವಿ ಆತಂಕದ ಆಪ್ತಸಮಾಲೋಚನೆ ಕುರಿತು ಅಧ್ಯಯನ ಟಿಪ್ಪಣಿ

ಲೈಂಗಿಕ ಸಂಪರ್ಕದ ನಂತರ ಎಚ್‌ಐವಿ ಭಯದಿಂದ ಬರುವವರ ಬಗ್ಗೆ ಓದುವಾಗ ನಮ್ಮಲ್ಲಿ ಹೆಚ್ಚಿನವರು ವೈರಸ್ಸಿನ ಪಾಠವನ್ನಷ್ಟೇ ಕಂಠಪಾಠ ಮಾಡಿ ಮುಂದೆ ಹೋಗುತ್ತೇವೆ. ಆದರೆ ಎದುರಿಗೆ ಕುಳಿತವನ ಮನಸ್ಸಿನಲ್ಲಿ ಎರಡು ಲೆಕ್ಕಗಳು ಬೆರೆತಿರುತ್ತವೆ: ಸೋಂಕು ತಗಲಿರುವ ಸಾಧ್ಯತೆ ಎಷ್ಟು ಎಂಬುದು ಒಂದು, ತಾನು ಮಾಡಿದ್ದು ಎಷ್ಟು ದೊಡ್ಡ ತಪ್ಪು ಎಂಬುದು ಇನ್ನೊಂದು. ಎರಡನೆಯದು ಬೆಳೆದಷ್ಟೂ ಮೊದಲನೆಯದೂ ಬೆಳೆದಂತೆ ಅವನಿಗೆ ಕಾಣುತ್ತದೆ. ಈ ಗಂಟನ್ನು ಬಿಡಿಸುವುದೇ ಆಪ್ತಸಮಾಲೋಚಕರ ಮುಖ್ಯ ಕೆಲಸ ಎಂಬುದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. 26 ವರ್ಷದ ಯುವಕ, ಬೆಂಗಳೂರಿನ ಪಿಜಿಯೊಂದರಲ್ಲಿ ವಾಸ. ಮಾರ್ಚ್ 14ರ ರಾತ್ರಿ ಹಣ ಕೊಟ್ಟು ಮಹಿಳೆಯೊಬ್ಬರೊಡನೆ ಸಂಪರ್ಕ ನಡೆಸಿದ್ದಾನೆ. ನಡುವೆ ಕಾಂಡೋಮ್ ಹರಿದಿದೆ. ಒಂಬತ್ತನೆಯ ದಿನ ಬಂದವನು ಕುಳಿತ ತಕ್ಷಣ ಮೊಬೈಲ್ ತೆರೆದು, ಕನ್ನಡಿಯೆದುರು ತೆಗೆದ ತನ್ನ ನಾಲಿಗೆಯ ಹನ್ನೆರಡು ಫೋಟೊಗಳನ್ನು ಒಂದೊಂದಾಗಿ ತೋರಿಸುತ್ತಾನೆ. ದವಡೆಯ ಕೆಳಗಿನ ಗಂಟನ್ನು ಒತ್ತಿ ಒತ್ತಿ ನೋಡಿಕೊಂಡಿದ್ದರಿಂದ ಅಲ್ಲೀಗ ನಿಜವಾಗಿಯೂ ನೋವಿದೆ. ನಾಲಿಗೆಯ ಬಿಳುಪಿನ ಬಗ್ಗೆ ನಾವು ಉತ್ತರ ಹೇಳತೊಡಗಿದರೆ ಆ ಮಾತು ಮುಗಿಯುವುದೇ ಇಲ್ಲ. ಫೋಟೊಗಳನ್ನು ಬದಿಗಿರಿಸಿ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಮುಂದಿನ ಪ್ರತಿಯೊಂದು ಉತ್ತರವೂ ಅದರ ಮೇಲೆಯೇ ನಿಂತಿದೆ.

ಘಟನೆ ನಡೆದು 72 ಗಂಟೆ ಕಳೆದಿಲ್ಲವಾದರೆ ಸಾಂತ್ವನಕ್ಕಿಂತ ಮುಂಚೆ ವೈದ್ಯರ ಬಳಿ ಕಳುಹಿಸುವುದು ಮುಖ್ಯ. ಪೆಪ್ ಎಂದು ಕರೆಯುವ ತಡೆ ಚಿಕಿತ್ಸೆಯನ್ನು ಆ ಅವಧಿಯೊಳಗೆ, ಅದೂ ಆದಷ್ಟು ಬೇಗ, ಆರಂಭಿಸಿ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ದಿನಕ್ಕೊಂದು ಮಾತ್ರೆ ಈಗ ಸಾಮಾನ್ಯವಾಗಿ ಬಳಕೆಯಲ್ಲಿದೆ. ನಮ್ಮ ಯುವಕನಿಗೆ ಆ ಬಾಗಿಲು ಮಾರ್ಚ್ 17ರ ರಾತ್ರಿಗೇ ಮುಚ್ಚಿದೆ. ಮೂರು ದಿನ ಮೊಬೈಲಿನಲ್ಲಿ ಲಕ್ಷಣಗಳನ್ನು ಹುಡುಕುತ್ತಾ ಕುಳಿತವನಿಗೆ ಪೆಪ್ ಎಂಬುದೊಂದು ಇದೆ ಎಂದೇ ಗೊತ್ತಿರಲಿಲ್ಲ. ಇಂಥ ಪ್ರಸಂಗಗಳಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿ ಇದೇ.

ಇನ್ನು ಅಪಾಯದ ಪ್ರಮಾಣ. ಸಂಗಾತಿಗೆ ಎಚ್‌ಐವಿ ಇದ್ದು, ಚಿಕಿತ್ಸೆ ಇಲ್ಲದೆ, ಕಾಂಡೋಮ್ ಕೂಡ ಇಲ್ಲದೆ ನಡೆದ ಯೋನಿ ಸಂಭೋಗದಲ್ಲಿ ಗಂಡಿಗೆ ಸೋಂಕು ತಗಲುವ ಅಂದಾಜು 10,000 ಸಂಪರ್ಕಗಳಿಗೆ ಸುಮಾರು 4, ಹೆಣ್ಣಿಗೆ ಸುಮಾರು 8. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 138. ಇವು ಸರಾಸರಿಗಳಷ್ಟೇ: ಜನನಾಂಗದಲ್ಲಿ ಹುಣ್ಣಿದ್ದರೆ, ಅಥವಾ ಸಂಗಾತಿಗೆ ಸೋಂಕು ಹೊಸದಾಗಿ ತಗಲಿ ರಕ್ತದಲ್ಲಿ ವೈರಸ್ ವಿಪರೀತವಾಗಿದ್ದರೆ, ಅಪಾಯ ಏರುತ್ತದೆ. ಆ ಮಹಿಳೆಗೆ ಸೋಂಕು ಇದೆಯೆಂದೇ ಯುವಕ ತೀರ್ಮಾನಿಸಿಬಿಟ್ಟಿದ್ದಾನೆ, ಆಧಾರ ಯಾವುದೂ ಇಲ್ಲ. ಹಣ ಕೊಟ್ಟ ಸಂಪರ್ಕವೆಂದ ಮಾತ್ರಕ್ಕೆ ಅಪಾಯವೆಂದೂ, ಪ್ರೀತಿಸಿದವಳೊಡನೆ ಕಾಂಡೋಮ್ ಇಲ್ಲದೆ ಕಳೆದ ವರ್ಷಗಳೆಲ್ಲ ಸುರಕ್ಷಿತವೆಂದೂ ಅವನು ಮಾಡಿಕೊಂಡಿರುವ ವಿಂಗಡಣೆ ತಪ್ಪಿನ ಲೆಕ್ಕದ್ದೇ ಹೊರತು ವೈರಸ್ಸಿನದಲ್ಲ. ಸೋಂಕಿದ್ದರೂ ನಿಯಮಿತ ಎಆರ್‌ಟಿಯಿಂದ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆಯಿಂದ, ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ ಎಂಬುದೂ ಈಗ ಸ್ಥಾಪಿತವಾಗಿದೆ. ಆದರೂ ಅಂಕಿಗಳನ್ನು ಬರಿದೇ ಹೇಳಿ ಸುಮ್ಮನಾಗಬಾರದು; ಹತ್ತು ಸಾವಿರದಲ್ಲಿ ಆ ನಾಲ್ಕರೊಳಗೆ ತಾನೇ ಇದ್ದೇನೆಂದು ಆತಂಕಗೊಂಡವನು ಅರೆಕ್ಷಣದಲ್ಲಿ ನಂಬಿಬಿಡುತ್ತಾನೆ.

ಲಕ್ಷಣಗಳನ್ನು ನೋಡಿ ಎಚ್‌ಐವಿ ಹೇಳಲಾಗದು ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಕೆಂಪು ದದ್ದು ಬರುವುದುಂಟು, ಹಲವರಿಗೆ ಏನೂ ಆಗುವುದಿಲ್ಲ. ಅತ್ತ ಆತಂಕವೊಂದೇ ಬಾಯಿ ಒಣಗಿಸಿ, ಹೊಟ್ಟೆ ಕೆಡಿಸಿ, ನಿದ್ದೆಗೆಡಿಸಿ, ಊಟ ಸೇರದಂತೆ ಮಾಡಿ ತೂಕವನ್ನೂ ಇಳಿಸಬಲ್ಲದು.

ಪರೀಕ್ಷೆಯ ವಿಷಯದಲ್ಲಿ ಕಲಿಯುವವರು ಹೆಚ್ಚು ಎಡವುವುದು ವಿಂಡೋ ಪೀರಿಯಡ್‌ನಲ್ಲಿ, ಅಂದರೆ ಸೋಂಕು ತಗಲಿದ್ದರೂ ಪರೀಕ್ಷೆಗೆ ಸಿಗದ ಅವಧಿಯಲ್ಲಿ. ರಕ್ತದಲ್ಲಿ ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಪರೀಕ್ಷೆಗೆ ಸೋಂಕು ಸುಮಾರು 10ರಿಂದ 33 ದಿನಗಳಲ್ಲಿ ಸಿಗುತ್ತದೆ. ಪಿ24 ಆ್ಯಂಟಿಜನ್ (ವೈರಸ್ಸಿನದೇ ಒಂದು ಪ್ರೋಟೀನ್) ಮತ್ತು ಪ್ರತಿಕಾಯ (ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಎರಡನ್ನೂ ನೋಡುವ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆಗೆ 18ರಿಂದ 45 ದಿನ, ಪ್ರತಿಕಾಯವನ್ನಷ್ಟೇ ನೋಡುವ ಪರೀಕ್ಷೆಗೆ 23ರಿಂದ 90 ದಿನ ಬೇಕು. ಹಾಗಾಗಿ ಒಂಬತ್ತನೆಯ ದಿನ ನೆಗೆಟಿವ್ ಬಂದ ಪರೀಕ್ಷೆ ಮಾರ್ಚ್ 14ರ ರಾತ್ರಿಯ ಬಗ್ಗೆ ಏನನ್ನೂ ಹೇಳದು, ಅದಕ್ಕಿಂತ ಹಿಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅವನ ಚೀಟಿಯಲ್ಲಿ ಎರಡು ದಿನಾಂಕ ಬರೆದುಕೊಡುವುದು ಸರಿಯಾದ ಕ್ರಮ: 45ನೆಯ ದಿನವಾದ ಏಪ್ರಿಲ್ 28, 90ನೆಯ ದಿನವಾದ ಜೂನ್ 12. ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು. ಪೆಪ್ ತೆಗೆದುಕೊಂಡವರಿಗೆ ಈ ದಿನಗಣನೆ ಮಾತ್ರೆ ಮುಗಿದ ಮೇಲೆ ಆರಂಭವಾಗುತ್ತದೆ ಎಂಬುದನ್ನು ಮರೆಯಬೇಡಿ. ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಇದೇ ಸಂದರ್ಭದಲ್ಲಿ ಸೂಚಿಸಬೇಕು.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಗಳಲ್ಲಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ, ಪರೀಕ್ಷೆ ಉಚಿತ. ಪರೀಕ್ಷಾ ಕಿಟ್ಟಿನ ಪಟ್ಟಿಯ (ಸ್ಟ್ರಿಪ್) ಮೇಲೆ ರಕ್ತ ಬಿದ್ದ ನಂತರ ಕಂಟ್ರೋಲ್ ಗೆರೆ, ಅಂದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗೆರೆ, ಮೂಡಲೇಬೇಕು, ಇಲ್ಲವಾದರೆ ಆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಇನ್ನೊಂದು ಗೆರೆಯೂ ಮೂಡಿದರೆ ಬೇರೆ ಬೇರೆ ತತ್ವದ ಇನ್ನೆರಡು ಕಿಟ್‌ಗಳಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಪಾಸಿಟಿವ್ ಎನ್ನುತ್ತಾರೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಇತರರಿಗೆ ತಿಳಿಸುವಂತಿಲ್ಲ. ಬರಲು ಹಿಂಜರಿಯುವವರಿಗೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿಯ ಸಂಖ್ಯೆ 1097 ಅನ್ನು ಕೊಡಬಹುದು.

ನಮ್ಮ ಯುವಕನ ಎರಡೂ ಪರೀಕ್ಷೆಗಳು ನೆಗೆಟಿವ್ ಬಂದವೆಂದು ಇಟ್ಟುಕೊಳ್ಳಿ. ಜೂನ್ 20ರಂದು ಅವನು ಮತ್ತೆ ಬಾಗಿಲಲ್ಲಿದ್ದಾನೆ. ಕಿಟ್ಟಿನ ಅವಧಿ ಮೀರಿತ್ತೇನೋ ಎಂಬ ಹೊಸ ಸಂಶಯ. ಇಲ್ಲಿ ಕರುಣೆಯಿಂದ ಇನ್ನೊಂದು ಪರೀಕ್ಷೆ ಮಾಡಿಸಿದರೆ ಎರಡು ದಿನ ಸಮಾಧಾನ, ಮೂರನೆಯ ದಿನ ಮತ್ತೊಂದು ಸಂಶಯ. ಪ್ರತಿ ಪರೀಕ್ಷೆಯೂ ಆ ಚಕ್ರಕ್ಕೆ ಎಣ್ಣೆ ಹಾಕುತ್ತದೆ. ಪರೀಕ್ಷೆ ಮುಗಿದಿದೆ ಎಂದು ಮೃದುವಾಗಿ, ಆದರೆ ಬದಲಿಸದೆ ಹೇಳಿ, ರಾತ್ರಿ ಆ ಯೋಚನೆ ಬಂದಾಗ ಅದರ ಬೆನ್ನಿಗೆ ಇನ್ನೇನು ನೆನಪಾಗುತ್ತದೆ ಎಂದು ವಿಚಾರಿಸಬೇಕು. ಬಹಳ ಹೊತ್ತು ಸುಮ್ಮನಿದ್ದು ಅವನು, "ಮನೆಯಲ್ಲಿ ಹುಡುಗಿ ನೋಡ್ತಿದ್ದಾರೆ, ಸರ್" ಎನ್ನುತ್ತಾನೆ. ಇನ್ನು ಮುಂದಿನ ಮಾತು ಆ ಮದುವೆಯ ಬಗ್ಗೆ. ನಿದ್ದೆ, ಕೆಲಸ ಎರಡೂ ಕೆಟ್ಟಿದ್ದರೆ ಮನೋವೈದ್ಯರಿಗೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ದಾರಿ ತೋರಿಸಬೇಕು.